ಪೀಪಾಯಿ ಮುಂದಿನ ಜಾಗ

"ಏ ಬಾಡ್ಯಾ, ಕಾಲ್ ಅಗಲ ಮಾಡ್ಕೊಂಡು ನಡೀತಿ, ಬಸುರಿ ಇದ್ದೀ ಏನ್? ಲಗೂ ತಾರೋ ಡಬ್ಬಿ!"

ಮೇಸ್ತ್ರಿ ಮೊಗಲಪ್ಪ ಕೂಗಿದಾಗ ರಸ್ತೆಯ ಮೇಲೆ ಜಲ್ಲಿಕಡಿ ಹರಡುತ್ತಿದ್ದ ಹೆಂಗಸರು ನಕ್ಕರು. ಖಂಡೆಪ್ಪನ ಹೆಂಡತಿ ಅಮೃತಬಾಯಿ ಮಾತ್ರ ಬುಟ್ಟಿ ಇಳಿಸಿ ಗಂಡನ ನಡಿಗೆಯನ್ನೇ ನೋಡಿದಳು. ಅವನು ಕುದಿಯುವ ಡಾಂಬರನ್ನು ತೂತಿನ ಡಬ್ಬಿಯಲ್ಲಿ ತಂದು ಕಡಿಯ ಮೇಲೆ ಸುರಿದು, ಮತ್ತೆ ತುಂಬಿಕೊಳ್ಳಲು ಡಾಂಬರು ಕಾಯುತ್ತಿದ್ದ ಪೀಪಾಯಿಯ ಕಡೆ ತಿರುಗಿದ.

ಎಪ್ಪತ್ತಾರರ ಬೇಸಿಗೆ. ಆಂಧ್ರದ ಗಡಿಯಲ್ಲಿ, ಝರಾಸಂಗಂನಿಂದ ಜಹೀರಾಬಾದಿಗೆ ಹೋಗುವ ರಸ್ತೆಗೆ ಡಾಂಬರು ಹಾಕುತ್ತಿದ್ದರು. ಸೌದೆ ಸಾಲದಾದಾಗ ಪೀಪಾಯಿಯ ಕೆಳಗೆ ಲಾರಿಯ ಹಳೆ ಟೈರು ತುರುಕುತ್ತಿದ್ದರು. ಬೆಂಕಿಯ ಝಳ ತಾಗದಂತೆ ಪೀಪಾಯಿಯವನು ನಡುವಿಗೆ ಗೋಣಿತಟ್ಟು ಕಟ್ಟಿಕೊಳ್ಳಬೇಕು. ತಟ್ಟು ಡಾಂಬರು ಕುಡಿದು ಹಲಗೆಯಂತಾಗುತ್ತದೆ. ಬಿಸಿಲೇರಿದಾಗ ಮೆತ್ತಗಾಗಿ ತೊಡೆಗೆ ಅಂಟುತ್ತದೆ. ಒಂದು ರಸ್ತೆ ಮುಗಿಯುವವರೆಗೂ ಅದೇ ತಟ್ಟು. ಖಂಡೆಪ್ಪ ಹನ್ನೊಂದು ವರ್ಷದಿಂದ ಕಟ್ಟುತ್ತಿದ್ದ. ಅದಕ್ಕೂ ಮೊದಲು ಅಪ್ಪನ ಕುರಿ ಕಾಯುತ್ತಿದ್ದ. ಕುರಿಗಳು ಅಣ್ಣಂದಿರ ಪಾಲಾದವು.

ಸಂಜೆ ಗುಡಿಸಲಲ್ಲಿ ಅಮೃತಬಾಯಿ ಸೀಮೆಎಣ್ಣೆಯ ಅರಿವೆಯಿಂದ ಅವನ ಕೈಕಾಲು ತಿಕ್ಕಿದಳು. ಡಾಂಬರು ಬಿಡಿಸಲು ಬೇರೆ ದಾರಿ ಇರಲಿಲ್ಲ.

"ಏನ್ ಆಗ್ಯಾದ, ತೋರ್ಸು."

"ಗಂಡಸರ ಜಾಗಾ ಅದ. ನಿನಗ್ಯಾಕ ಬೇಕು?"

"ಮೂರು ಮಕ್ಕಳು ಹಡದೀನಿ, ಸಂತ್ಯಾಗಿಂದ ತಂದಿಲ್ಲ. ತಗೀ ಧೋತ್ರ."

ಬೀಜದ ಚೀಲದ ಮೇಲೆ ಮುಷ್ಟಿಗಾತ್ರದ ಹುಣ್ಣು ಒಡೆದಿತ್ತು. ಅಂಚು ಹೂಕೋಸಿನಂತೆ ಎದ್ದಿತ್ತು. ನಡುವೆ ಕೀವು. ಕೀವಿನ ಮೇಲೆ ಕಪ್ಪು.

"ಈ ಕರಿ ಏನು?"

"ಡಾಂಬರ್. ಮೊದಲ ಕಡಲಿಯಷ್ಟು ನರೂಲಿ ಇತ್ತು. ಆವಾಗಿಂದ ದಿನಾ ಹಚ್ಚತೀನಿ. ಕುರಿಗೆ ಹುಳಾ ಬಿದ್ರ ಅಪ್ಪ ಇದೇ ಹಚ್ಚತಿದ್ದ. ಒಂದೂ ಸತ್ತಿಲ್ಲ."

ಅದು ಸುಳ್ಳಲ್ಲ. ರಸ್ತೆ ಕೆಲಸ ನಡೆಯುವಲ್ಲಿಗೆ ಕುರುಬರು ತೆಂಗಿನ ಚಿಪ್ಪು ಹಿಡಿದು ಬಂದು ಡಾಂಬರು ಕೇಳುವುದು ಆ ಕಡೆ ವಾಡಿಕೆ. ಖಂಡೆಪ್ಪ ಯಾರಿಗೂ ಇಲ್ಲವೆಂದವನಲ್ಲ.

ಸರಕಾರಿ ದವಾಖಾನೆಯ ಡಾಕ್ಟರು ಬೀದರ್ ಕಡೆಯವನು, ಕನ್ನಡದಲ್ಲೇ ಮಾತಾಡಿಸಿದ. ಹುಣ್ಣು ನೋಡಿ, ತೊಡೆಸಂದಿಯನ್ನು ಒತ್ತಿದ. ಎರಡೂ ಕಡೆ ಅಡಿಕೆಯಂಥ ಗಂಟುಗಳು ಕೈಗೆ ಸಿಕ್ಕವು. ಕೈ ತೊಳೆದುಕೊಂಡು ಬಂದು ಕುಳಿತ.

"ಕ್ಯಾನ್ಸರ್ ಅದ. ಡಾಂಬರದಿಂದ ಬಂದದ. ವಿಲಾಯತ್‌ನ್ಯಾಗ ಹೊಗೆಗೂಡಿನ ಮಸಿ ತಗ್ಯೋರಿಗೆ ಇದೇ ಜಾಗಾದಾಗ ಇಂಥದೇ ಹುಣ್ಣು ಆಗ್ತಿತ್ತು. ಮಸಿ, ಡಾಂಬರ್ ಎರಡೂ ಒಂದೇ ಜಾತಿ. ಅಲ್ಲಿ ಒಬ್ಬ ಡಾಕ್ಟರ್ ಅದನ್ನ ಬರದಿಟ್ಟು ಇನ್ನೂರು ವರ್ಷ ಆತು."

"ಇನ್ನೂರು ವರ್ಷ ಆದ್ರೂ ನಮ್ಮ ಕಂತ್ರಾಟದಾರಗ ಯಾರೂ ಹೇಳಿಲ್ಲೇನ್ರಿ?" ಅಂದಳು ಅಮೃತಬಾಯಿ.

ಡಾಕ್ಟರು ಚೀಟಿ ಬರೆದು ಅವಳ ಕೈಗಿಟ್ಟ. "ಹೈದರಾಬಾದಿಗೆ ಕರಕೊಂಡು ಹೋಗು. ಕೊಯ್ದು ತಗೀಬೇಕು. ನರೂಲಿ ಇದ್ದಾಗ ಬಂದಿದ್ರ ಉಳೀತಿದ್ದ. ಈಗ ಬೇರು ಇಳದದ."

"ಕುರಿಗೆ ಏನೂ ಆಗಲ್ರೀ ಸಾಹೇಬ್ರ," ಅಂದ ಖಂಡೆಪ್ಪ. ಅವನಿಗೆ ಇನ್ನೂ ಅದೇ ಚಿಂತೆ.

"ಕುರಿ ಎಷ್ಟು ವರ್ಷಕ್ಕ ಕೊಯ್ಯತೀರಿ?"

"ಎರಡಕ್ಕರಿ. ಭಾಳಂದ್ರ ಮೂರು."

"ಈ ಹುಣ್ಣು ಏಳಾಕ ಹತ್ತು ವರ್ಷ ಬೇಕು. ಕುರಿ ಅಲ್ಲಿತನಕ ಇರಂಗಿಲ್ಲ."

ಡಾಕ್ಟರು ಹಿಂದೆ ನಿಂತವರನ್ನು ಕರೆದ.

ಅವರು ರಸ್ತೆಗೆ ಮರಳಿ ಬಂದು ಹೇಳಿದಾಗ ಮೊಗಲಪ್ಪ ಬೇವಿನ ನೆರಳಲ್ಲಿ ಬೀಡಿ ಸೇದುತ್ತಿದ್ದ.

"ಹೈದರಾಬಾದಿಗೆ ಹೋಗ್ರಿ, ಯಾರು ಬ್ಯಾಡಂತಾರ? ತಿರುಗಿ ಬರಬ್ಯಾಡ್ರಿ ಅಷ್ಟೇ. ಮಂಗಳವಾರ ದೊಡ್ಡ ಇಂಜಿನಿಯರ್ ಬರ್ತಾನ. ಪೀಪಾಯಿ ತಣ್ಣಗ ಕಂಡ್ರ ನನ್ನ ಕುಂಡಿ ಸುಡ್ತಾರ."

"ನನಗ ಕಡಿ ಹೊರೋ ಕೆಲಸ ಕೊಡ್ರಿ. ಪೀಪಾಯಿ ಬ್ಯಾಡ್ರಿ," ಅಂದ ಖಂಡೆಪ್ಪ.

"ನಡೀಲಾಕ ಬರಂಗಿಲ್ಲ, ಕಡಿ ಹೊರ್ತಾನಂತ ಮಗ! ನೀ ಕುಂದರ್ತಿ ಅಂದ್ರ ನಿನ್ ಹೆಂಡ್ತಿ ತಟ್ಟು ಕಟ್ಲಿ. ಇಲ್ಲಾಂದ್ರ ಗುಡಿಸಲ ಕೀಳ್ರಿ, ಬ್ಯಾರೆಯವ್ರು ಕಾಯಲಕತ್ತಾರ."

"ಆಕಿ ಬ್ಯಾಡ್ರಿ, ನಿಮ್ಮ ಕಾಲಿಗಿ ಬೀಳ್ತೀನಿ. ಡಾಂಬರದಿಂದಾನೇ ಬಂದದಂತ."

"ಯಾವ ರಂಡಿ ಹಂತ್ಯಾಕ ಹೋಗಿ ತಂದೀಯೋ, ಡಾಂಬರದ ಮ್ಯಾಲ ಹಾಕ್ತೀ! ಹಂಗಿದ್ರ ಈ ಸಡಕಿನ ತುಂಬ ಹೆಣ ಬೀಳಬೇಕಿತ್ತು."

ಮಕ್ಕಳು ಗುಡಿಸಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಅಮೃತಬಾಯಿ ಒಳಗೆ ಹೋಗಿ ಗಂಡನ ತಟ್ಟು ತಂದು, ಸೀರೆಯ ಮೇಲೆ ಸುತ್ತಿ, ಹಗ್ಗ ಬಿಗಿದಳು. ಖಂಡೆಪ್ಪ ಹಗ್ಗಕ್ಕೆ ಕೈ ಹಾಕಿದ.

"ಬಿಚ್ಚು. ನಿನಗೂ ಹತ್ತತದ."

"ಬಿಚ್ಚಿ ಏನ್ ತಿನ್ನೋಣು? ನಿನ್ನ ಹುಣ್ಣು ತಿನ್ನೋಣೇನು?"

ಅವನ ಕೈ ಸಡಿಲಾಯಿತು. ಅವಳು ಟೈರೊಂದನ್ನು ಉರುಳಿಸಿಕೊಂಡು ಪೀಪಾಯಿಯ ಮುಂದೆ ಹೋಗಿ ನಿಂತಳು.

ಮಂಗಳವಾರ ಜೀಪು ಬಂತು. ಇಂಜಿನಿಯರ್ ಇಳಿದು, ಹೊಸ ಡಾಂಬರಿನ ದಪ್ಪವನ್ನು ಕಬ್ಬಿಣದ ಸಲಾಕೆಯಿಂದ ಚುಚ್ಚಿ ನೋಡಿದ. "ಠೀಕ್ ಹೈ," ಅಂದ. ಮೊಗಲಪ್ಪ ಕೈಮುಗಿದು ಹಿಂದಿಂದೆ ನಡೆದ. ಅವರು ಜೀಪಿನ ಹತ್ತಿರ ತಿರುಗಿ ಬರುವಾಗ ಖಂಡೆಪ್ಪ ರಸ್ತೆಯ ನಡುವೆ ನಿಂತಿದ್ದ.

"ಅಲ್ಲಿ ಚುಚ್ಚಿ ಏನ್ ನೋಡ್ತೀರಿ ಸಾಹೇಬ್ರ? ಇಲ್ಲಿ ನೋಡ್ರಿ."

ಧೋತರ ಬಿಚ್ಚಿ ಎಸೆದ.

ಇಂಜಿನಿಯರ್ ಮೂಗಿಗೆ ಕರವಸ್ತ್ರ ಹಿಡಿದ. "ಪಾಗಲ್ ಹೈ ಕ್ಯಾ ಯೇ?"

ಮೊಗಲಪ್ಪ ಧೋತರ ಎತ್ತಿಕೊಂಡು ಓಡಿ ಬಂದ. "ಮುಚ್ಕೋ ಸೂಳಿಮಗನ! ಮಾನ ಇಲ್ಲೇನು?"

"ಮಾನ ಅಲ್ರೀ ಇದು, ನಿಮ್ಮ ಸಡಕು. ನೋಡಾಕ ಬಂದೀರಲ್ಲ, ಪೂರಾ ನೋಡಿ ಹೋಗ್ರಿ. ನಾಳಿಗಿ ಆಕಿದೂ ನೋಡಬೇಕಾಗ್ತದ."

ಅವನು ಪೀಪಾಯಿಯ ಕಡೆ ಕೈ ತೋರಿಸಿದ. ಇಂಜಿನಿಯರ್ ಆ ಕಡೆ ನೋಡಲಿಲ್ಲ, ಜೀಪು ಹತ್ತಿದ. ಡ್ರೈವರ್ ಹಿಂದಕ್ಕೆ ತೆಗೆದು, ಬೆತ್ತಲೆ ನಿಂತವನನ್ನು ಬಳಸಿಕೊಂಡು ಆಗಷ್ಟೇ ಹಾಕಿದ ಮೆತ್ತನೆಯ ಡಾಂಬರಿನ ಮೇಲೆ ಜೀಪು ಹಾಯಿಸಿದ. ಗಾಲಿಯ ಗೆರೆಗಳು ಆಳವಾಗಿ ಬಿದ್ದವು.

"ಏ ಅಮೃತಬಾಯಿ!" ಮೊಗಲಪ್ಪ ಕಿರುಚಿದ. "ಏನ್ ನೋಡ್ತಿ ಅಲ್ಲಿ? ಡಾಂಬರ್ ತಾ, ಗೆರಿ ಮುಚ್ಚು!"

ಅವಳು ಡಬ್ಬಿ ತುಂಬಿಕೊಂಡು ಬಂದಳು. ಜೀಪಿನ ಹಾಗೆಯೇ ಗಂಡನನ್ನು ಬಳಸಿ ನಡೆದು, ಗೆರೆಯಲ್ಲಿ ಸುರಿಯತೊಡಗಿದಳು. ಹೊಗೆಯಾಡುವ ಡಾಂಬರು ಗೆರೆಗುಂಟ ಅವನ ಬರಿಗಾಲಿನ ಕಡೆ ಹರಿಯಿತು.

"ಕಾಲ್ ತಗೀ," ಅಂದಳು.

ಅವನು ತೆಗೆಯಲಿಲ್ಲ.