ಬಾಯಿ ಮುಂದಾದ ಕೊಂಡಿ

ಪರದೆಯ ಮೇಲೆ, ನಮ್ಮ ಆನ್‌ಲೈನ್ ಅಂಗಡಿಯ ಚಿತ್ರದಲ್ಲಿ, ಆ ಮೂರರ ಅಂಕಿ ಯಾಕೆ ಹೀಗೆ ಮುಖ ತಿರುಗಿಸಿಕೊಂಡು ನಿಂತಿದೆ, ಮುನಿಸಿಕೊಂಡ ನಾದಿನಿಯ ಹಾಗೆ, ಬೈಕ್ ಚೈನಿನ ಪಟ್ಟಿಯ ಮೇಲೆ ಕಾರ್ಖಾನೆಯವರು ಒತ್ತಿದ ಅಂಕಿ, ಹೊಟ್ಟೆ ಬಲಕ್ಕಿರಬೇಕಾದದ್ದು ಎಡಕ್ಕೆ ಬಂದಿದೆ, ನನ್ನ ಕಣ್ಣೇ ಮಂಜಾಗಿರಬೇಕು, ಬೆಳಗಿನಿಂದ ಅವಳೂ ನಾನೂ ಡಬ್ಬಿ ಕಟ್ಟಿದ್ದೇ ಕಟ್ಟಿದ್ದು, ಟೇಪು ಕರ್ರೆಂದು ಹರಿಯುವ ಸದ್ದು ಇನ್ನೂ ಕಿವಿಯಲ್ಲಿದೆ, ಈ ಕೋಣೆಯಲ್ಲಿ ಒಂದು ಕಾಲಕ್ಕೆ ಮಂಚ ಇತ್ತು ಎಂಬುದೇ ಮರೆತುಹೋಗಿದೆ, ಈಗ ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು, ಅದರ ತುಂಬ ಮಿರರು, ಗ್ರಿಪ್ಪು, ಬ್ರೇಕ್ ಲಿವರು, ಬಲ್ಬು, ದಿಂಬೆತ್ತಿದರೆ ನಟ್ಟು ಸಿಗುತ್ತೆ, ನಾನು ಗಂಡನ್ನ ಕಟ್ಕೊಂಡ್ನೋ ಗ್ಯಾರೇಜನ್ನೋ ಅಂತ ಅವಳು, ಗ್ಯಾರೇಜಾಗಿದ್ರೆ ಗಿರಾಕಿಗಳಾದ್ರೂ ಬರ್ತಿದ್ರು ಅಂತಲೂ ಅವಳೇ — ಬಂದರಲ್ಲ, ಕೊನೆಗೂ ಬಂದರು, ಫೋನಿನಲ್ಲಿ ಬಂದರು. ಚೈನಾಗಿರಿ ಎಂದು ಅಂಗಡಿಗೆ ಹೆಸರಿಟ್ಟವನು ನಾನು, ಚೈನು ಮಾರುವವರು ಗಿರಾಕಿಗೆ ಚೆನ್ನಾಗಿರಿ ಅನ್ನಬೇಕಾದರೆ ಇನ್ನು ಹೇಗೆ ಅನ್ನುವುದು, ಹೆಸರಿಟ್ಟವನೂ ನಾನೇ ನಕ್ಕವನೂ ನಾನೊಬ್ಬನೇ, ಸಿಬ್ಬಂದಿಯೂ ನಾನೊಬ್ಬನೇ, ಆದರೆ ಗಂಟಲು ಒಂದಲ್ಲ — ನಮಸ್ಕಾರ, ಗ್ರಾಹಕ ಸೇವಾ ವಿಭಾಗ, ಹೇಳಿ ಸರ್ ಎಂದು ಮೂಗಿನಲ್ಲಿ ಜೇನು ಸುರಿಸುವ ಹುಡುಗಿಯೂ ನಾನು, ಲೈನಲ್ಲಿರಿ, ಮ್ಯಾನೇಜರಿಗೆ ಕೊಡ್ತೀನಿ ಅಂದ ಮೇಲೆ ಕೆಮ್ಮುತ್ತ ಬರುವ ಮ್ಯಾನೇಜರೂ ನಾನು, ಒಬ್ಬ ಗಿರಾಕಿ ಆ ಹುಡುಗಿಗೆ ಮದುವೆಯಾಗಿದೆಯೇ ಎಂದು ಮ್ಯಾನೇಜರನ್ನು ಕೇಳಿದ, ಆಗಿದೆಯಪ್ಪ, ಗಂಡನ ಬದಲು ಹೆಂಡತಿ ಇದಾಳೆ ಅಷ್ಟೆ — ಆದರೆ ಈ ಮೂರು, ಈ ಮೂರು ಉಲ್ಟಾ.

ಮೂರು ಉಲ್ಟಾ ಆದರೆ ಚಿತ್ರವೇ ಉಲ್ಟಾ. ಹೌದಲ್ಲ, ನಾನೇ ತಿರುಗಿಸಿದ್ದು, ಆವತ್ತು ಮಧ್ಯಾಹ್ನ, ಅವಳು ತಲೆ ಒರೆಸಿಕೊಳ್ಳುತ್ತ ಬಂದು ಪರದೆ ನೋಡಿದಳು, ಚೈನಿನ ಎರಡು ತುದಿ ಕೂಡಿಸುವ ಲಾಕು, ಆ ಲಾಕು ಜಾರದಂತೆ ಮೇಲೆ ಕೂರುವ ಉಗುರಿನಷ್ಟು ಕ್ಲಿಪ್ಪು, ಒಂದು ಕಡೆ ಮುಚ್ಚಿದ ಬೆನ್ನು, ಇನ್ನೊಂದು ಕಡೆ ಬಿಟ್ಟ ಬಾಯಿ, ರೀ, ಬಾಯಿ ಬಿಟ್ಕೊಂಡು ಬೆಲೆ ಕಡೆಗೇ ನೋಡ್ತಿದೆ ಇದು, ದುರಾಸೆಯವರ ಅಂಗಡಿ ಅಂದ್ಕೊಳ್ತಾರೆ ಜನ, ಆ ಕಡೆ ತಿರುಗ್ಸಿ — ಒಂದು ಬೆರಳೊತ್ತು, ಚಿತ್ರ ಕನ್ನಡಿಯೊಳಗಿನದಾಗಿ ಮಗುಚಿಕೊಂಡಿತು, ಬಾಯಿ ಅತ್ತ ಹೋಯಿತು, ಇಬ್ಬರೂ ನಕ್ಕೆವು. ಇಡೀ ಗಾಡಿ ಕಾಣುತ್ತಿದ್ದರೆ ಗಾಡಿಯೂ ತಿರುಗುತ್ತಿತ್ತು, ನೋಡುವವನಿಗೆ ಮುಂದು ಯಾವುದು ಹಿಂದು ಯಾವುದು ತಿಳಿಯುತ್ತಿತ್ತು, ಇಲ್ಲಿ ಇರುವುದು ಅಂಗೈಯಷ್ಟು ಚೈನು, ಒಂದು ಕ್ಲಿಪ್ಪು, ನನ್ನ ಹೆಬ್ಬೆರಳು, ಕೆಳಗೆ ನಾನೇ ಬರೆದ ಸಾಲು, ಚಿತ್ರದಲ್ಲಿರುವಂತೆಯೇ ಕೂಡಿಸಿ, ಮೆಕ್ಯಾನಿಕ್ಕಿನ ಹಂಗು ಬೇಡ. ಮೆಕ್ಯಾನಿಕ್ಕು ಹೇಳಿದ್ದರು, ಅವಳ ಸೋದರಮಾವ, ಫೋಟೋಗೆಂದು ತಾವೇ ಲಾಕು ಹಾಕಿಕೊಟ್ಟವರು, ಎಣ್ಣೆಗೈಯನ್ನು ನನ್ನ ಅಂಗಿಗೇ ಒರೆಸಿ, ಅಳಿಯಂದ್ರೇ, ಓಡೋ ದಿಕ್ಕಿಗೆ ಬೆನ್ನು, ಬಾಯಿ ಹಿಂದಕ್ಕೆ, ಬಾಯಿ ಮುಂದಾಯ್ತೋ ಏನಾದ್ರೂ ತಗುಲಿ ಕ್ಲಿಪ್ಪು ಎಗರ್ತದೆ, ಲಾಕು ಜಾರ್ತದೆ, ಚೈನು ಹೋಗಿ ಹಿಂದಿನ ಚಕ್ರಕ್ಕೆ ಸುತ್ಕೊಂಡ್ರೆ ಚಕ್ರ ಅಲ್ಲೇ ಹಿಡ್ಕೊಳ್ತದೆ, ಆಮೇಲೆ ನಿಮ್ಮನ್ನ ನಾನು ರಿಪೇರಿ ಮಾಡಕ್ಕಾಗಲ್ಲ. ನಾನು ನಗುತ್ತಿದ್ದೆ, ಅವರ ಮಾತನ್ನಲ್ಲ ಅವರ ದನಿಯನ್ನು ಕದಿಯುತ್ತಿದ್ದೆ, ಆ ಗೊಗ್ಗರು, ಆ ಹೋಗ್ತದೆ ಬೀಳ್ತದೆ, ಗಾಡಿ ಮುಟ್ಟಿದರೆ ಸಾಕು ಸಾವು ಹೇಳುವ ಮಾವ, ಮನೆಗೆ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತು ಅದೇ ದನಿಯಲ್ಲಿ, ತಾಯೀ, ಗಾಡಿ ಹತ್ತಬ್ಯಾಡ, ಚಕ್ರ ಬಿಚ್ಕೊಳ್ತದೆ, ಅವಳು ಸೌಟು ಹಿಡಿದೇ ನಕ್ಕು ಕುಸಿದಳು, ಆಮೇಲೆ ಅದೇ ರೂಢಿಯಾಯಿತು, ಅವಳು ಗಾಡಿ ತೆಗೆದಾಗಲೆಲ್ಲ ತಾಯೀ ಹತ್ತಬ್ಯಾಡ, ಅವಳು ಆಯ್ತು ಮಾವಾ ಅನ್ನುವುದು, ಹೊರಡುವುದು.

ಇವತ್ತೂ ಹೊರಟಳು, ಡಬ್ಬಿಗಳನ್ನು ಕೊರಿಯರಿಗೆ ಕೊಡಲು. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಹಳೇ ಲಾಕು ಸವೆದಿದೆ, ನಮ್ಮ ಅಂಗಡಿದೇ ಒಂದು ಹಾಕ್ತೀನಿ, ಮನೆಯವಳೇ ಇವತ್ತಿನ ಮೊದಲ ಗಿರಾಕಿ ಅನ್ಕೊಳ್ಳಿ, ರೀ, ಬಾಯಿ ಯಾವ ಕಡೆ — ನಾನು ಟೇಪು ಹರಿಯುತ್ತ ಒಳಗಿಂದಲೇ, ಮಾವನ ದನಿಯಲ್ಲಿ, ಚಿತ್ರದಲ್ಲಿ ಹೆಂಗೈತೋ ಹಂಗೇ ಹಾಕು ತಾಯೀ, ಚಿತ್ರ ಸುಳ್ಳು ಹೇಳ್ತದಾ. ಅವಳು ಫೋನನ್ನು ಸೀಟಿಗೊರಗಿಸಿಕೊಂಡು ನೋಡಿ ನೋಡಿ ಹಾಕಿದಳು, ಕ್ಲಿಪ್ಪು ಟಕ್ಕೆಂದು ಕೂತದ್ದು ಇಲ್ಲಿಗೂ ಕೇಳಿಸಿತು, ನೋಡಿ ಹೆಂಗೆ ಕೂತ್ಕೊಂತು, ನೀವಾಗಿದ್ರೆ ಮಾತಾಡ್ತಾ ಬೆರಳು ಜಜ್ಜಿಸ್ಕೊಳ್ತಿದ್ರಿ, ನಿಮ್ದು ಯಾವಾಗ್ಲೂ ಬಾಯೇ ಮುಂದು — ಬಾಯಿ ಮುಂದು, ಅವಳ ಕಾಲಿನ ಪಕ್ಕದಲ್ಲಿ ಈಗ ಅದು ಬಾಯಿ ತೆರೆದುಕೊಂಡು ಗಾಳಿಗೆ ಎದುರಾಗಿ ಓಡುತ್ತಿದೆ. ಬೆನ್ನಮೇಲಿನ ಚೀಲದಲ್ಲಿ ಅಂಥವೇ ಡಬ್ಬಿಗಳು, ಹಿಂದಿನ ವಾರ ಹೋದವು ಬೇರೆ, ಯಾರ್ಯಾರ ಅಂಗಳದಲ್ಲಿ ಯಾರ್ಯಾರು ಕೂತು ಚಿತ್ರ ನೋಡುತ್ತಿದ್ದಾರೋ, ಅವರಿಗೆಲ್ಲ ಬರೆಯಬೇಕು, ಚಿತ್ರ ಅಳಿಸಬೇಕು, ಅಳಿಸಿದೆ, ಮೊದಲು ಅವಳು, ಮೊದಲು ಅವಳು, ಫೋನ್ ಮಾಡು — ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ, ಈ ಹೆಂಗಸಿನ ದನಿಯನ್ನೂ ನಾನು ಮಾಡಬಲ್ಲೆ, ಪಾರ್ಟಿಗಳಲ್ಲಿ ಕೇಳಿ ಕೇಳಿ ಮಾಡಿಸಿದ್ದಾರೆ, ಇವತ್ತು ಆ ಹೆಂಗಸೇ ನನಗೆ ಮಾಡಿ ತೋರಿಸುತ್ತಿದ್ದಾಳೆ, ಮತ್ತೊಮ್ಮೆ, ಸ್ವಿಚ್ ಆಫ್. ದಾರಿ ಕಣ್ಣೆದುರಿಗೆ ಬರುತ್ತದೆ, ಬೇಡವೆಂದರೂ, ಸಿಮೆಂಟು ಗೋದಾಮುಗಳ ಪಕ್ಕದ ಇಳಿಜಾರು, ಲಾರಿಗಳು ಜೋಡಿ ಜೋಡಿಯಾಗಿ, ಹೋಗುವಾಗ ಇಳಿಜಾರು, ಎಂಜಿನ್ನಿಗೆ ಕೆಲಸ ಕಡಿಮೆ, ಚೈನಿಗೆ ಎಳೆತ ಕಡಿಮೆ, ಬರುವಾಗ ಏರು, ಏರಿನಲ್ಲಿ ಚೈನು ಬಿಗಿಯುತ್ತದೆ — ತಲುಪಿರಬೇಕು, ಇಷ್ಟು ಹೊತ್ತಿಗೆ ಕೊರಿಯರಿನವನ ಮೇಜಿನ ಮುಂದೆ ನಿಂತಿರಬೇಕು, ನಿಂತಿರಲಿ, ಗಾಡಿ ಸ್ಟ್ಯಾಂಡಿನ ಮೇಲಿರಲಿ, ಅಲ್ಲಿಯ ನಂಬರು ಯಾವುದು, ನಂಬರು ಅವಳ ಫೋನಿನಲ್ಲಿದೆ.

ಫೋನು ಬಡಿದುಕೊಳ್ಳುತ್ತಿದೆ, ಗೊತ್ತಿಲ್ಲದ ನಂಬರು, ಗೊತ್ತಿಲ್ಲದ ನಂಬರೆಂದರೆ ಗಿರಾಕಿ, ಗಿರಾಕಿಯೆಂದರೆ ಗಂಟಲು ನನ್ನ ಅಪ್ಪಣೆಗೆ ಕಾಯುವುದಿಲ್ಲ, ನಮಸ್ಕಾರ, ಗ್ರಾಹಕ ಸೇವಾ ವಿಭಾಗ — ಆ ಕಡೆ ನಗು, ಅವಳ ನಗು, ಬದುಕಿರುವ ನಗು, ಶುರುವಾಯ್ತಾ ನಿಮ್ದು, ನನ್ನ ಫೋನ್ ಸತ್ತಿದೆ, ಕೊರಿಯರ್ ಆಫೀಸಿಂದ ಮಾಡ್ತಿದೀನಿ, ಎಲ್ಲಾ ಕೊಟ್ಟಾಯ್ತು, ಹೊರಟೆ, ಚೈನು ಏನೋ ಟಕ್ ಟಕ್ ಅಂತಿದೆ, ಬಂದ್ಮೇಲೆ ನೋಡಿ. ಗಾಡಿ ಹತ್ತಬೇಡ, ನಾನೇ, ನನ್ನ ದನಿಯಲ್ಲೇ ಅಂದೆ, ಆದರೆ ಹೆದರಿಕೆಗೆ ಗಂಟಲು ಗೊಗ್ಗರಾಗಿ ಬಂತು, ಹತ್ತಬೇಡ, ಕ್ಲಿಪ್ಪು ಉಲ್ಟಾ ಇದೆ, ಚಕ್ರ ಹಿಡ್ಕೊಳ್ಳುತ್ತೆ — ಅಯ್ಯೋ ಮಾವಾ, ಇವತ್ತು ಭಾರಿ ಚೆನ್ನಾಗಿ ಬಂತು, ಆಯ್ತು ಮಾವಾ. ನಾಟಕ ಅಲ್ಲ ಕಣೇ, ಅನ್ನುವಷ್ಟರಲ್ಲಿ ಫೋನಿಟ್ಟಳು. ಅದೇ ನಂಬರಿಗೆ ತಿರುಗಿ ಮಾಡಿದೆ, ಗುಮಾಸ್ತ ಎತ್ತಿದ, ಅವರನ್ನು ನಿಲ್ಲಿಸಿ, ಓಡಿ, ಗಾಡಿ ಬಿಡಬೇಡಿ ಅಂತ ಹೇಳಿ — ಈಗ ತಾನೇ ಹೋದ್ರಲ್ಲ ಸಾರ್, ನಗ್ತಾ ನಗ್ತಾ ಹೋದ್ರು, ನಮ್ಮೆಜಮಾನ್ರು ಯಾರ ಥರ ಬೇಕಾದ್ರೂ ಮಾತಾಡ್ತಾರೆ ಅಂತಿದ್ರು, ಇದು ಯಾರ ದನಿ ಸಾರ್ ಈಗ ಮಾಡ್ತಿರೋದು. ನಂದು, ಅಂದೆ. ಅವನೂ ನಕ್ಕ.

ಬೀದಿಗೆ ಬಂದಿದ್ದೇನೆ, ಬರಿಗಾಲು, ಟೇಪಿನ ತುಂಡು ಬೆರಳಿಗೇ ಅಂಟಿದೆ, ಆಟೋ ಇಲ್ಲ, ಓಡುತ್ತಿದ್ದೇನೆ, ಓಡಿದರೆ ಏರಿನ ತುದಿಗಾದರೂ ಸಿಕ್ಕಾಳು, ಕೈ ಬೀಸಿದರೆ ನಿಲ್ಲಿಸಿಯಾಳು, ನಿಲ್ಲಿಸದೆ ಕೈ ಬೀಸಿ ನಕ್ಕು ಹೋದರೆ, ಈಗ ಗೋದಾಮು ದಾಟಿರಬಹುದು, ಈಗ ಗೇರು ಇಳಿಸಿರಬಹುದು, ಚೈನು ಬಿಗಿದಿದೆ, ಸುತ್ತುತ್ತಿದೆ, ಎಂಜಿನ್ನಿನ ಹಲ್ಲು ಬಳಸಿ ಕೆಳಗೆ ಹೋಯಿತು, ಹಿಂದಿನ ಚಕ್ರ ದಾಟಿತು, ಮತ್ತೆ ಮೇಲೆ ಬಂತು, ಕ್ಲಿಪ್ಪು, ಬಾಯಿ ಮುಂದಕ್ಕೆ, ಹೋಯಿತು, ಬಂತು, ಬಾಯಿ ಮುಂದಕ್ಕೆ, ಹೋಯಿತು — ಬಾಯಿ ಮುಂದಕ್ಕೆ —