ಹಗುರದ ಬಿಲ್ಲೆ

ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಕೂತರೆ ಷಡಕ್ಷರಪ್ಪನವರು ಅರಸೀಕೆರೆಯ ರೈಲು ನಡುಮನೆಗೆ ನುಗ್ಗಿದರೂ ಏಳುವವರಲ್ಲ. ಕೊಬ್ಬರಿ ಮಂಡಿಯಿಂದ ಆಳು ಬಂದು ಬಾಗಿಲಲ್ಲಿ ನಿಂತು ಎಷ್ಟು ಕೂಗಿದರೂ ಬಲಗೈ ಮೇಲೆತ್ತಿ ತಡಿ ಎನ್ನುವುದೇ ಉತ್ತರ. ಅವತ್ತು ಬೆಳಿಗ್ಗೆ ಅವರ ಬೆನ್ನ ಹಿಂದೆ ಕಾಗದ ಸರಪರ ಎಂದಿತು. ಸ್ವಲ್ಪ ಹೊತ್ತಿಗೆ ಮೊಮ್ಮಗಳು ಹೇಮಾಶ್ರೀ ಕೆಮ್ಮಿದಳು. "ತಾತಾ" ಎಂದಂತೆಯೂ ಕೇಳಿಸಿತು. ಅವರು ತಿರುಗದೆ ಕೈಯೆತ್ತಿದರು. ಕೆಮ್ಮು ಇನ್ನೊಮ್ಮೆ ಬಂದು ನಿಂತಿತು. ಸದ್ಯ ಸುಮ್ಮನಾಯಿತಲ್ಲ ಎಂದು ಅವರಿಗೆ ಸಮಾಧಾನವೇ ಆಯಿತು.

ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು ತಿರುಗಿದಾಗ ನಾಲ್ಕು ವರ್ಷದ ಮಗು ಮಂಚಕ್ಕೆ ಒರಗಿ ನಿಂತಿತ್ತು. ಒಂದು ಕೈ ಕೊರಳ ಮೇಲೆ. ಜೊಲ್ಲು ಸುರಿದು ಫ್ರಾಕಿನ ಎದೆಯೆಲ್ಲ ಒದ್ದೆ. ಮಂಚದ ಮೇಲೆ ಅವರ ಬಿಲ್ಲೆಗಳ ಪೆಟ್ಟಿಗೆ ಬಾಯಿ ತೆರೆದುಕೊಂಡಿತ್ತು.

ಈ ಬಿಲ್ಲೆಗಳದ್ದೊಂದು ದೊಡ್ಡ ಹುಚ್ಚು. ಶಾಲೆಯವರು ಹಳೇಬೀಡಿನ ದೇವಸ್ಥಾನ ತೋರಿಸಲು ಕರೆದುಕೊಂಡು ಹೋಗಿದ್ದಾಗ ರಷ್ಯಾದ ಪ್ರವಾಸಿಯೊಬ್ಬ ಆಗಿನ್ನೂ ಹುಡುಗನಾಗಿದ್ದ ಇವರ ಅಂಗಿಗೆ ಕೆಂಪು ನಕ್ಷತ್ರದ ಬಿಲ್ಲೆ ಚುಚ್ಚಿದ್ದ. ಅಲ್ಲಿಂದ ಹಿಡಿದದ್ದು ಬಿಡಲಿಲ್ಲ. ಸೋವಿಯತ್ ಸೈನ್ಯ ಯುದ್ಧ ಗೆದ್ದ ನೆನಪಿಗೆ, ಯಾವುದೋ ದಂಡು ಕಟ್ಟಿದ ನೆನಪಿಗೆ ಅಚ್ಚು ಹಾಕಿಸಿದ ಬಿಲ್ಲೆಗಳು ಇವು. ಆ ಕಾಲದಲ್ಲಿ ಬೇಲೂರು, ಹಳೇಬೀಡಿಗೆ ಬಂದ ರಷ್ಯನ್ನರು ಮಕ್ಕಳಿಗೂ ಗೈಡುಗಳಿಗೂ ಪೆಪ್ಪರಮೆಂಟಿನಂತೆ ಹಂಚಿಹೋಗಿದ್ದರಿಂದ ಈಗಲೂ ಅಲ್ಲಿನ ಟ್ರಂಕುಗಳಲ್ಲಿ ಒಂದೊಂದು ಸಿಗುತ್ತವೆ. ನಿಮಗೆ ನಮಗೆ ಎಲ್ಲ ಒಂದೇ. ಅವರಿಗೆ ಹಾಗಲ್ಲ. ಮುಖ ಒಂದೇ ಇದ್ದರೂ ಒಂದಕ್ಕೆ ಹಿಂದೆ ಪಿನ್ನು, ಒಂದಕ್ಕೆ ತಿರುಪು. ಒಂದು ಹಿತ್ತಾಳೆ, ಒಂದು ಅಲ್ಯೂಮಿನಿಯಂ. "ಬಿಲ್ಲೆ ಜಾತಕ ಇರೋದು ಬೆನ್ನಲ್ಲಿ ಕಣ್ರೀ" ಎಂದು ಬೀಗರ ಊಟದಲ್ಲೂ ಶುರುಮಾಡಿ ಪಕ್ಕದವರ ಪಾಯಸ ತಣ್ಣಗಾಗಿಸುವ ಮನುಷ್ಯ.

ಸೊಸೆ ಶರ್ಮಿಳಾ ಓಡಿ ಬಂದಳು. ಮಗುವಿನ ಬಾಯಿಗೆ ಬೆರಳು ಹಾಕಿದಳು, ಬೆನ್ನು ತಟ್ಟಿದಳು. "ಏನು ನುಂಗಿದ್ಯೇ? ಹೇಳು ಚಿನ್ನ." ಮಗು ತಾತನ ಕಡೆ ಒಮ್ಮೆ ನೋಡಿ ಇಲ್ಲ ಎಂದು ತಲೆಯಾಡಿಸಿತು.

ಷಡಕ್ಷರಪ್ಪನವರು ಪೆಟ್ಟಿಗೆ ನೋಡಿದರು. ಬಿಲ್ಲೆ ಕೂರಿಸುವ ಒಂದು ಗುಂಡಿ ಖಾಲಿ. "ಹಿತ್ತಾಳೆದು ಕಣಮ್ಮ. ಸಣ್ಣದು. ಮೂವತ್ತು ಅಂತ ಬರೆದಿರೋದು."

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಡಾಕ್ಟರು ಫಿಲಮ್ಮನ್ನು ಬೆಳಕಿಗೆ ಹಿಡಿದು ಕೊರಳಿನಿಂದ ಹೊಟ್ಟೆಯವರೆಗೆ ತೋರಿಸಿದರು. ಹಿತ್ತಾಳೆಯಾಗಿದ್ದರೆ ಬೆಳ್ಳಗೆ ಎದ್ದು ಕಾಣುತ್ತಿತ್ತು, ಇಲ್ಲೇನೂ ಇಲ್ಲ, ಗಂಟಲು ಗೀರಿರಬಹುದು, ಸಂಜೆವರೆಗೂ ನೋಡಿ ಎಂದರು. ಮನೆಗೆ ಬರುವಷ್ಟರಲ್ಲಿ ಹೆಂಡತಿ ಶಿವಗಂಗಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಕೈಯಲ್ಲಿ ಅದೇ ಹಿತ್ತಾಳೆ ಬಿಲ್ಲೆ.

"ಮಂಚದ ಕೆಳಗೆ ಬಿದ್ದಿತ್ತು ಕಣ್ರೀ. ನಿಮ್ಮ ಬಿಲ್ಲೆಗಿಷ್ಟು ಬೆಂಕಿ ಹಾಕ. ಜೀವ ಬಾಯಿಗೆ ಬಂದಿತ್ತು."

ಎಲ್ಲರೂ ನಕ್ಕರು. ಶರ್ಮಿಳಾ ನಗುತ್ತಲೇ ಅತ್ತಳು. ತಿಪಟೂರಿನ ಮಾರುಕಟ್ಟೆಗೆ ಹೋಗಿದ್ದ ಮಗ ಶಿವಕುಮಾರನಿಗೆ ಫೋನು ಮಾಡಿ, ಬರಬೇಡ, ಎಲ್ಲ ಸರಿಹೋಯಿತು ಎಂದು ಹೇಳಿದ್ದೂ ಆಯಿತು. ಷಡಕ್ಷರಪ್ಪನವರು ಬಿಲ್ಲೆಯನ್ನು ಅದರ ಗುಂಡಿಯಲ್ಲಿಟ್ಟು, ಮಂಡಿಗೆ ಹೊರಡಲೆಂದು ಕುರ್ಚಿಯ ಬೆನ್ನಿಗೆ ನಿನ್ನೆ ಹಾಕಿದ್ದ ಅಂಗಿ ಎತ್ತಿಕೊಂಡರು. ಜೇಬು ತಟ್ಟಿ ನೋಡಿದರು.

ಜೇಬು ಖಾಲಿ.

ಕುರ್ಚಿಯ ಕೆಳಗೆ ನ್ಯೂಸ್‌ಪೇಪರಿನ ಪೊಟ್ಟಣ ಬಿಚ್ಚಿಕೊಂಡು ಬಿದ್ದಿತ್ತು. ನಿನ್ನೆ ಹಳೇಬೀಡಿನಿಂದ ತಂದ ಅಲ್ಯೂಮಿನಿಯಂ ಬಿಲ್ಲೆ ಅದರಲ್ಲಿತ್ತು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಇನ್ನೊಂದು ಬಿಲ್ಲೆ ಹೊಸ್ತಿಲು ದಾಟಿದರೆ ತಾನು ತವರಿಗೆ ಹೋಗುವುದಾಗಿ ಶಿವಗಂಗಮ್ಮ ಹೇಳಿದ್ದರಿಂದ ಕಳ್ಳನಂತೆ ತಂದಿದ್ದರು. ರಾತ್ರಿ ಮನೆ ತುಂಬ ನೆಂಟರು. ಬೆಳಿಗ್ಗೆ ಪೂಜೆ ಮುಗಿಸಿ, ಕಾಫಿ ಕುಡಿದು ನಿಧಾನವಾಗಿ ನೋಡೋಣ ಎಂದು ಆಸೆಯಿಂದ ಉಳಿಸಿಕೊಂಡಿದ್ದರು.

ಕುರ್ಚಿ ಎಳೆದರು, ಹಾಸಿಗೆ ಕೊಡವಿದರು, ಕಸದ ಬುಟ್ಟಿ ಬೋರಲು ಹಾಕಿದರು. ಎಲ್ಲೂ ಇಲ್ಲ. ಎಲ್ಲಾದರೂ ಬಿದ್ದಿರಬೇಕು ಎಂದುಕೊಂಡರು. ಹಾಗೆ ಅಂದುಕೊಳ್ಳುವಾಗಲೇ ಒಳಗಿನಿಂದ ಶರ್ಮಿಳಾಳ ದನಿ ಕೇಳಿಸಿತು. "ಒಂದೇ ಒಂದು ಗುಟುಕು ಕುಡಿಯೇ." ಅದರ ಹಿಂದೆಯೇ ಮಗು ನೀರು ಕಕ್ಕಿದ ಸದ್ದು.

ಹೇಳಿದರೆ ಮಾನ ಹೋಗುತ್ತದೆ. ಹೇಳದಿದ್ದರೆ? ಆ ಯೋಚನೆ ಪೂರ್ತಿಯಾಗುವ ಮೊದಲೇ ಹೆದರಿಕೆ ಅವರನ್ನು ಅಡುಗೆಮನೆಗೆ ತಳ್ಳಿತು.

"ಇನ್ನೊಂದಿತ್ತು ಕಣಮ್ಮ. ನನ್ನ ಜೇಬಲ್ಲಿ. ಅದು ಕಾಣಿಸ್ತಿಲ್ಲ."

ಶಿವಗಂಗಮ್ಮ ಬೈಯಲಿಲ್ಲ. ಅವರು ಬೈಯದಿದ್ದುದಕ್ಕೇ ಷಡಕ್ಷರಪ್ಪನವರಿಗೆ ಇನ್ನಷ್ಟು ಭಯವಾಯಿತು. ಶರ್ಮಿಳಾ ಮಗುವನ್ನು ಸೊಂಟಕ್ಕೇರಿಸಿಕೊಂಡು ಚಪ್ಪಲಿ ಕೂಡ ಹಾಕದೆ ಬೀದಿಗಿಳಿದಳು.

ಡಾಕ್ಟರು ಈ ಸಲ ಕೂತುಕೊಂಡು ಕೇಳಿದರು. "ಅಲ್ಯೂಮಿನಿಯಂ ಅಂತೀರಾ? ತೆಳು ಅಲ್ಯೂಮಿನಿಯಂ ಎಕ್ಸ್‌ರೇನಲ್ಲಿ ಕಾಣದೇ ಇರಬಹುದು. ಆದ್ರೆ ಹಿಂದೆ ಪಿನ್ ಇರತ್ತಲ್ಲ, ಅದ್ಯಾವುದರದ್ದು?"

"ಉಕ್ಕಿಂದು ಸಾರ್."

"ಹಾಗಾದ್ರೆ ಪಿನ್ ಗೆರೆ ಥರ ಕಾಣಲೇಬೇಕು. ಇಲ್ಲಿ ಗೆರೆ ಇಲ್ಲ. ಪಿನ್ ಇದ್ದ ಬಿಲ್ಲೆ ಆದ್ರೆ ಮಗು ನುಂಗಿಲ್ಲ. ಪಿನ್ ಇಲ್ಲದ್ದಾದ್ರೆ ಗಂಟಲಲ್ಲೇ ಸಿಕ್ಕೊಂಡಿರಬಹುದು, ಹಾಸನಕ್ಕೆ ಕರ್ಕೊಂಡು ಹೋಗಿ ಕೊಳವೆ ಇಳಿಸಿ ತೆಗೀಬೇಕು. ಇತ್ತಾ ಪಿನ್ನು?"

ಶರ್ಮಿಳಾ ಮಾವನ ಮುಖ ನೋಡಿದಳು. ಜಗತ್ತಿನ ಬಿಲ್ಲೆಗಳ ಬೆನ್ನೆಲ್ಲ ಬಾಯಿಪಾಠವಿದ್ದ ಮನುಷ್ಯ ಇದೊಂದರ ಬೆನ್ನು ನೋಡಿರಲಿಲ್ಲ. ನಿನ್ನೆ ಅಂಗೈಗೆ ಬಿಲ್ಲೆ ಬಿದ್ದಾಗ ಹತ್ತಿಯಷ್ಟು ಹಗುರ ಅನ್ನಿಸಿತ್ತು. ವರ್ಷಗಟ್ಟಲೆ ಹುಡುಕಿದ ಹಗುರದ ಅಚ್ಚು ಸಿಕ್ಕಿತೆಂಬ ಹಿಗ್ಗು ಒಂದು ಕಡೆ, ಬಸ್ಸು ಹಾರನ್ನು ಹೊಡೆಯುತ್ತಿದ್ದ ಗಡಿಬಿಡಿ ಇನ್ನೊಂದು ಕಡೆ. ಮುಖ ನೋಡಿ ಪೊಟ್ಟಣ ಕಟ್ಟಿಸಿಕೊಂಡು ಓಡಿದ್ದರು.

"ನೋಡಲಿಲ್ಲ" ಎಂದರು. ಆ ಮಾತು ಹೊರಬರುವಾಗ ಅವರಿಗೆ ತಮ್ಮ ಮೇಲೇ ಅಸಹ್ಯ ಹುಟ್ಟಿತು.

ಮಾರಿದವನು ಲಕ್ಷ್ಮೀಶ. ಮೊದಲು ಗೈಡಾಗಿದ್ದು, ಈಗ ದೇವಸ್ಥಾನದ ಎದುರು ಫೋಟೋ ಕಾರ್ಡು ಮಾರುವವನು. ಫೋನು ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಮ್ಮೆ ಮಾಡಿದರು. ಕೊನೆಗೆ ಎತ್ತಿದ. ಹಿಂದೆ ಪ್ರವಾಸಿಗಳ ಗಲಾಟೆ.

"ಸಾವ್ಕಾರ್ರೇ, ಇನ್ನೊಂದು ಐತೆ, ನಿಮಗೇ ಅಂತ ಎತ್ತಿ ಮಡಗಿವ್ನಿ."

"ಲಕ್ಷ್ಮೀಶ, ನಿನ್ನೆದ್ದಕ್ಕೆ ಹಿಂದೆ ಪಿನ್ನಿತ್ತೇನಯ್ಯ?"

ಆ ಕಡೆ ಒಂದು ಗಳಿಗೆ ಸದ್ದಿಲ್ಲ. "ಇತ್ತಲ್ಲ ಸಾವ್ಕಾರ್ರೇ! ಗಟ್ಟಿಮುಟ್ಟಾಗಿತ್ತು. ನೋಡೇ ತಗಂಡ್ರಲ್ಲ ನೀವು."

ಸ್ಪೀಕರಿನಲ್ಲಿ ಕೇಳುತ್ತಿದ್ದ ಡಾಕ್ಟರು ಕುರ್ಚಿಗೊರಗಿದರು. ಶರ್ಮಿಳಾ ಕಣ್ಣು ಮುಚ್ಚಿ ಶಿವಾ ಎಂದಳು. ಷಡಕ್ಷರಪ್ಪನವರ ಜೀವವೂ ಆ ಮಾತನ್ನು ಹಿಡಿದುಕೊಳ್ಳಲು ಹಾತೊರೆಯಿತು. ಪಿನ್ನಿತ್ತು. ಮಗು ನುಂಗಿಲ್ಲ. ಮನೆಗೆ ಹೋಗಬಹುದು. ಆದರೆ ಅವರು ಮಾರುವವರ ಜೊತೆಯಲ್ಲೇ ಕೂದಲು ಹಣ್ಣು ಮಾಡಿಕೊಂಡವರು. ಆ ಒಂದು ಗಳಿಗೆಯ ಮೌನ ಏನೆಂದು ಅವರಿಗೆ ಗೊತ್ತು. ಮಾಲು ವಾಪಸ್ಸು ಬಂದೀತೆಂದು ಹೆದರುವವನ ಮೌನ ಅದು. ಕೇಳದಿದ್ದರೆ ಈ ನೆಮ್ಮದಿ ಉಳಿಯುತ್ತದೆ. ಕೇಳಲು ಅವರಿಗೆ ವಿಪರೀತ ಭಯವಾಯಿತು.

"ವಾಪಸ್ ಕೊಡಾಕೆ ಕೇಳ್ತಿಲ್ಲ ಕಣಯ್ಯ" ಎಂದರು. "ನನ್ನ ಮೊಮ್ಮಗಳು ಅದನ್ನ ನುಂಗವ್ಳೋ ಏನೋ ಗೊತ್ತಾಗ್ತಿಲ್ಲ. ಪಿನ್ನಿದ್ರೆ ಒಂದು ಔಷಧಿ, ಇಲ್ದಿದ್ರೆ ಒಂದು. ನಿನ್ನ ಮಕ್ಕಳ ಆಣೆ, ನಿಜ ಹೇಳು."

"ಅಯ್ಯೋ ಶಿವನೇ..." ಲಕ್ಷ್ಮೀಶನ ದನಿಯೇ ಬದಲಾಯಿತು. "ಇರಲಿಲ್ಲ ಸಾವ್ಕಾರ್ರೇ. ಯಾವಾಗ್ಲೋ ಕಿತ್ತೋಗೈತೆ. ಕಿತ್ತ ಜಾಗದಾಗೆ ಚೂಪು ಮೊನೆ ಒಂದು ಎದ್ದೈತೆ. ನೀವು ಬೆನ್ನು ನೋಡದೇ ಜೇಬಿಗೆ ಹಾಕ್ಕಂಡ್ರಿ, ನಾನೂ ಬಾಯಿ ಮುಚ್ಕಂಡೆ. ಮಗು ಹೆಂಗೈತೆ?"

ಡಾಕ್ಟರು ಆಗಲೇ ಎದ್ದು ಹಾಸನಕ್ಕೆ ಫೋನು ಮಾಡುತ್ತಿದ್ದರು. ಮಗುವಿಗೆ ನೀರನ್ನೂ ಕೊಡಬೇಡಿ, ಬೆನ್ನು ತಟ್ಟಬೇಡಿ, ಮೊನೆ ಒಳಗೆ ಗೀರಿದರೆ ಕಷ್ಟ ಎಂದರು. ಬೆಳಿಗ್ಗೆಯಿಂದ ಎಲ್ಲರೂ ಮಗುವಿನ ಬೆನ್ನು ತಟ್ಟಿದ್ದೇ ತಟ್ಟಿದ್ದು.

ಕಾರಿನಲ್ಲಿ ಷಡಕ್ಷರಪ್ಪನವರು ಮುಂದೆ ಕೂತಿದ್ದರು. ಹಾರನಹಳ್ಳಿ ದಾಟಿದರೂ ಹಿಂದೆ ತಿರುಗುವ ಧೈರ್ಯ ಬರಲಿಲ್ಲ. ರಸ್ತೆಯ ಉಬ್ಬು ಬಂದಾಗಲೆಲ್ಲ ಆ ಚೂಪು ತಮ್ಮ ಗಂಟಲಲ್ಲೇ ಆಡಿದಂತಾಗಿ ಉಗುಳು ನುಂಗಲು ಆಗಲಿಲ್ಲ. ಮಗು ಅಳುತ್ತಿದ್ದರೆ ವಾಸಿಯಿತ್ತು. ಅದು ಅಳುತ್ತಿರಲಿಲ್ಲ. ಮೂಗಿನಲ್ಲಿ ಗೊರಗೊರ ಎಂದು ಉಸಿರಾಡುತ್ತಿತ್ತು. ಆ ಸದ್ದು ನಿಂತುಬಿಟ್ಟೀತೆಂದು ಹೆದರಿ ಅವರು ಕಿವಿಯೆಲ್ಲ ಹಿಂದಕ್ಕೇ ಇಟ್ಟು ಕೂತರು. "ತಾತಾ" ಎಂದು ಕರೆದಾಗ ತಿರುಗಿದ್ದರೆ ಬಿಲ್ಲೆ ಇನ್ನೂ ಅದರ ಬಾಯಲ್ಲೇ ಇರುತ್ತಿತ್ತೋ ಏನೋ. ಪೂಜೆಯ ಹೊತ್ತಿನಲ್ಲಿ ಕರೆ ಕೇಳಿಸಿತ್ತೆಂದು ಅವರು ಇನ್ನೂ ಯಾರಿಗೂ ಹೇಳಿರಲಿಲ್ಲ.

ಹಾಸನದಲ್ಲಿ ಮಗುವನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು. ಎರಡನೇ ಫೋನಿಗೆ ತಿಪಟೂರಿನಿಂದ ಧಾವಿಸಿ ಬಂದ ಶಿವಕುಮಾರ ಅಪ್ಪನ ಪಕ್ಕ ಕೂರದೆ ಎದುರು ಗೋಡೆಗೆ ಒರಗಿ ನಿಂತ. ಷಡಕ್ಷರಪ್ಪನವರಿಗೆ ಶಿವನ ಹೆಸರು ಕೂಡ ನೆನಪಾಗಲಿಲ್ಲ. ಆ ಬಾಗಿಲು ತೆರೆಯಲಿ ಎಂದೂ, ತೆರೆಯದಿರಲಿ ಎಂದೂ ಒಟ್ಟಿಗೇ ಅನ್ನಿಸುತ್ತಿತ್ತು.

ತೆರೆಯಿತು. ಹೊರಬಂದ ಡಾಕ್ಟರು, ತೆಗೆದದ್ದಾಯಿತು, ಸ್ವಲ್ಪ ಗೀರಿದೆ, ತೂತಾಗಿಲ್ಲ ಎಂದರು. ಸಂಜೆವರೆಗೂ ಹಾಗೇ ಬಿಟ್ಟಿದ್ದರೆ ಏನು ಹೇಳಲೂ ಆಗುತ್ತಿರಲಿಲ್ಲವಂತೆ. ಶರ್ಮಿಳಾ ನೆಲದ ಮೇಲೇ ಕುಸಿದು ಕೂತಳು. ನರ್ಸು ಸಣ್ಣ ಡಬ್ಬಿಯೊಂದನ್ನು ಚಾಚಿದರು. ಶಿವಕುಮಾರ ಅದನ್ನು ತೆಗೆದುಕೊಂಡು ಅಪ್ಪನಿಗೆ ಕೊಡದೆ ಜೇಬಿಗೆ ಹಾಕಿಕೊಂಡ. ಅವರೂ ಕೇಳಲಿಲ್ಲ.

ಎಚ್ಚರವಾದ ಮೇಲೆ ಶರ್ಮಿಳಾಳನ್ನು ಮಗುವಿನ ಪಕ್ಕ ಕೂರಿಸಿ, ಉಳಿದವರನ್ನು ಒಬ್ಬೊಬ್ಬರಾಗಿ ಒಳಗೆ ಬಿಟ್ಟರು. ಷಡಕ್ಷರಪ್ಪನವರು ಕೊನೆಗೆ ಹೋದರು. ಮಗುವಿನ ಪಾದ ಹಿಡಿದು ತಪ್ಪಾಯ್ತು ಕಣವ್ವ ಅನ್ನಬೇಕು, ಅಷ್ಟೇ ಅವರ ಮನಸ್ಸಿನಲ್ಲಿದ್ದದ್ದು. ಹೇಮಾಶ್ರೀ ಕಣ್ಣು ಬಿಟ್ಟಳು. ಅವರನ್ನು ಕಂಡಿದ್ದೇ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು ಅಮ್ಮನ ಕಡೆ ಸರಿದಳು. ಗಂಟಲು ಕಟ್ಟಿದ್ದರಿಂದ ಮಾತು ಉಸಿರಿನಷ್ಟೇ ಬಂತು.

"ಬೈಬೇಡ ತಾತ. ನಾನು ನಿನ್ನ ಬಿಲ್ಲೆ ಮುಟ್ಟೇ ಇಲ್ಲ."