ಹಲ್ಲಿನ ಕುರ್ಚಿಗೆ ಒರಗುವ ಮುನ್ನ

ಹಲ್ಲುನೋವು ಬಂದರೆ ಲವಂಗ ಕಚ್ಚಿಕೊಂಡು ದಿನ ತಳ್ಳುವವರು ನಮ್ಮಲ್ಲಿ ಕಡಿಮೆಯಿಲ್ಲ. ಬಟ್ಟೆ ಹೊಲಿದು ಬದುಕುವ ಅಕ್ಕನೊಬ್ಬಳೂ ಹಾಗೇ ತಳ್ಳಿದಳು. ಕೆನ್ನೆ ಊದಿ, ಹಲ್ಲಿನಿಂದ ದಾರ ಕಡಿಯಲೂ ಆಗದಾದಾಗ ತಂಗಿ ಅವಳನ್ನು ಹಲ್ಲಿನ ಡಾಕ್ಟರ ಬಳಿಗೆ ತಾನೇ ಕರೆದೊಯ್ದಳು. ತಂಗಿಗೂ ಒಂದು ಹುಳುಕು ಹಲ್ಲಿತ್ತು. ಕಿಡ್ನಿ ಕಸಿಯಾದ ಮೇಲೆ ನುಂಗುವ ಮಾತ್ರೆಗಳಿಂದ ಅವಳ ಮೈಗೆ ಸೋಂಕು ತಡೆಯುವ ಶಕ್ತಿ ಕುಗ್ಗಿತ್ತು. ಆದರೂ ಅಕ್ಕನ ನರಳಾಟ ನೋಡಲಾರದೆ ತನ್ನ ಸರದಿಯನ್ನು ಅವಳಿಗೆ ಬಿಟ್ಟುಕೊಟ್ಟು, ತಾನು ಅವಳ ನಂತರ ಕೂರಲು ಒಪ್ಪಿದಳು.

ಅಕ್ಕ ಕುರ್ಚಿಗೆ ಒರಗುವ ಮೊದಲು ನರ್ಸ್ ಪುಟ್ಟ ಲೋಟದಲ್ಲಿ ಔಷಧಿ ನೀರು ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿದಳು. ಅಕ್ಕನ ಮುಖ ಕಪ್ಪಿಟ್ಟಿತು.

"ಹಲ್ಲುಜ್ಜಿಕೊಂಡೇ ಬಂದಿದ್ದೀನಮ್ಮ," ಎಂದು ಲೋಟವನ್ನು ಪಕ್ಕಕ್ಕೆ ಸರಿಸಿದಳು.

ಮದುವೆಯಾದ ಹೊಸತರಲ್ಲಿ ಗಂಡ ಒಮ್ಮೆ ಬಾಯಿ ನಾರುತ್ತದೆಂದು ಮುಖ ತಿರುಗಿಸಿದ್ದ. ಆಡಿದವನಿಗೆ ಅದು ಮರೆತೇ ಹೋಗಿತ್ತು. ಇವಳು ಮಾತ್ರ ಅಂದಿನಿಂದ ಯಾರ ಎದುರೂ ಬಾಯ್ತುಂಬ ನಕ್ಕವಳಲ್ಲ.

ಡಾಕ್ಟರಮ್ಮ ಬೇಸರಪಡಲಿಲ್ಲ. ಎಷ್ಟೇ ಉಜ್ಜಿದರೂ ಎಲ್ಲರ ಬಾಯಲ್ಲೂ ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ, ಹಲ್ಲು ಕೊರೆಯುವ ಯಂತ್ರ ನೀರು ಚಿಮ್ಮಿಸುತ್ತ ತಿರುಗುವಾಗ ಅವು ಕಣ್ಣಿಗೆ ಕಾಣದ ಹನಿಗಳ ಜೊತೆ ಗಾಳಿಗೇರಿ ಸ್ವಲ್ಪ ಹೊತ್ತು ತೇಲುತ್ತವೆ, ಮೊದಲೇ ಮುಕ್ಕಳಿಸಿದರೆ ಹಾಗೆ ಏರುವವು ಕಡಿಮೆಯಾಗುತ್ತವೆ ಎಂದು ತಿಳಿಸಿದರು. ಮಾಸ್ಕ್, ಹನಿ ಹೀರುವ ಕೊಳವೆ, ತೆರೆದ ಕಿಟಕಿ ಎಲ್ಲವೂ ಬೇಕು, ಇದೂ ಬೇಕು ಎಂದರು.

ಅಕ್ಕ ತಂಗಿಯತ್ತ ತಿರುಗಿದಳು. "ಹಾಗಾದ್ರೆ ನೀನೇ ಮೊದಲು ಕೂತ್ಕೊ. ನಂದು ಆಮೇಲೆ."

"ನಿನ್ನ ಹಿಂದೆ ಇನ್ನೊಬ್ಬರು ಇರ್ತಾರಲ್ಲ. ಅವರೂ ಯಾರಿಗೋ ತಂಗಿನೇ ತಾನೆ?"

ಅಕ್ಕ ಆಗಲೂ ಲೋಟ ಮುಟ್ಟಲಿಲ್ಲ. ತಂಗಿ ಹತ್ತಿರ ಬಂದು ದನಿ ತಗ್ಗಿಸಿದಳು.

"ನಿನ್ನ ಎಂಜಲು ತಿಂದೇ ಬೆಳೆದವಳು ನಾನು. ಯಾವತ್ತೂ ಹೇಸಿಗೆ ಅನ್ನಿಸಿಲ್ಲ, ಇವತ್ತೂ ಇಲ್ಲ. ಆಗ ನನ್ನ ಮೈ ಎಲ್ಲಾ ತಡ್ಕೊಳ್ತಿತ್ತು ಅಕ್ಕ. ಈಗ ಆಗಲ್ಲ. ಈ ಕುರ್ಚೀಲಿ ಕೂತ್ರೆ ಮಾಸ್ಕ್ ಬೇರೆ ತೆಗೀಲೇಬೇಕು."

ಅಕ್ಕ ಲೋಟ ಎತ್ತಿಕೊಂಡಳು. ನಾಲಿಗೆ ಚುರುಗುಟ್ಟಿತು. ನರ್ಸ್ ಸಾಕೆನ್ನುವವರೆಗೂ ಬಾಯೊಳಗೆ ಆಡಿಸಿ, ನುಂಗದೆ ಉಗಿದಳು. ಆಮೇಲೆ ತಂಗಿಯನ್ನೇ ನೋಡುತ್ತ, "ಇನ್ನೊಂದು ಸಲ ಮಾಡ್ಲಾ?" ಎಂದು ತಾನೇ ಕೇಳಿದಳು. ಇಷ್ಟು ಸಾಕು ಎಂದರು ಡಾಕ್ಟರಮ್ಮ.

ಅಕ್ಕಂದಿರೇ, ತಂಗಿಯರೇ, ಹಲ್ಲಿನ ಚಿಕಿತ್ಸೆಗೆ ಮುನ್ನ ಮುಕ್ಕಳಿಸಲು ಕೊಟ್ಟರೆ ಮುನಿಸಿಕೊಳ್ಳಬೇಡಿ. ಕೊಡದಿದ್ದರೆ, ಬೇಕೇ ಎಂದು ನೀವೇ ಕೇಳಿ. ಯಾವುದಾದರೂ ಔಷಧಿ ಮೈಗೆ ಒಗ್ಗದಿದ್ದರೆ ಮೊದಲೇ ಹೇಳಿ. ಮುಕ್ಕಳಿಸುವ ಈ ಔಷಧಿ ನೀರನ್ನು ಡಾಕ್ಟರನ್ನು ಕೇಳದೆ ಮನೆಯಲ್ಲಿ ದಿನವೂ ಬಳಸಬೇಡಿ. ನೀವು ಎದ್ದ ಮೇಲೆ ಆ ಕುರ್ಚಿಗೆ ಬಾಯಿ ತೆರೆದು ಒರಗುವವರು ಯಾರೋ, ಅವರ ಮೈಯಲ್ಲಿ ಎಷ್ಟು ಶಕ್ತಿ ಉಳಿದಿದೆಯೋ ನಿಮಗೆ ಗೊತ್ತಿರುವುದಿಲ್ಲ. ಅವರೂ ಅದೇ ಗಾಳಿಯನ್ನು ಉಸಿರಾಡಬೇಕು.